ಸೂರಿನ ಕೆಳಗೆ ಸತ್ತ ಹುಲ್ಲು

ಗುರುಗುಂಟಾ ಸೀಮೆಯ ವೈಶಾಖದ ಬಿಸಿಲು ಎಂಥದೆಂಬುದನ್ನು ನಮ್ಮ ವಾಚಕರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ಆಡುವ ಹುಡುಗರನ್ನು ಕಂಡಾಗ ಈ ಬಯಲಿಗೊಂದು ಸೂರಿರಬಾರದೇ ಎಂದು ಅನಿಸುವದು ಸಹಜವು. ಈ ಆಸೆಯನ್ನು ಕೃತಿಗಿಳಿಸಿದ ಊರು ಅಮೆರಿಕೆಯ ಹ್ಯೂಸ್ಟನ್. ಅದರ ವೃತ್ತಾಂತವನ್ನು ನಾವು ಅರಿಯತಕ್ಕದ್ದು. ಏಕೆಂದರೆ ಅದರ ಫಲವನ್ನು ನಾವೂ ಉಂಡಿರುವೆವು.

ಸೆಕೆ, ಮಳೆ, ಸೊಳ್ಳೆ, ಈ ಮೂರರ ಕಾಟದಿಂದ ಆ ಊರಿನಲ್ಲಿ ಬೇಸ್‌ಬಾಲ್ ನೋಡುವದೇ ಕಷ್ಟವಾಗಿತ್ತು. ಅಲ್ಲಿಯ ಮಾಜಿ ಮೇಯರ್ ರಾಯ್ ಹಾಫ್‌ಹೈನ್ಸರು ಮುಂದಾಗಿ ನಿಂತು, ಹ್ಯಾರಿಸ್ ಕೌಂಟಿಯ ಸಾರ್ವಜನಿಕ ಹಣದಿಂದ ಆಸ್ಟ್ರೋಡೋಮ್ ಎಂಬ ಗುಮ್ಮಟದ ಕ್ರೀಡಾಂಗಣವನ್ನು ಎಬ್ಬಿಸಿದರು. 1965ನೆಯ ಏಪ್ರಿಲ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್‌ರ ಸಮಕ್ಷಮದಲ್ಲಿ ಅಲ್ಲಿ ಮೊದಲನೆಯ ಪಂದ್ಯ ನಡೆಯಿತು. ಪೂರ್ಣ ಸೂರೂ ತಂಪುಗಾಳಿಯ ಏರ್ಪಾಡೂ ಉಳ್ಳ ಬೃಹತ್ ಕ್ರೀಡಾಂಗಣಗಳಲ್ಲಿ ಇದೇ ಆದ್ಯವು. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ನಡುವೆ ಒಂದು ಕಂಬವೂ ಇಲ್ಲದ ಈ ಉಕ್ಕಿನ ಗುಮ್ಮಟದ ಹರವು 642 ಅಡಿ!

ಹುಲ್ಲಿಗೆ ಬೆಳಕು ಬೇಕೆಂದು ಸೂರಿನಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕಿ ಪಾರದರ್ಶಕ ಫಲಕಗಳನ್ನು ಇರಿಸಿದ್ದರು. ಅವುಗಳ ಝಳಕ್ಕೆ ಆಟಗಾರರ ಕಣ್ಣು ಕೋರೈಸಿ, ಮೇಲಕ್ಕೆ ಹೋದ ಚೆಂಡು ಕಾಣದಾಯಿತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಆಗ ಮೊನ್ಸಾಂಟೊ ಕಂಪನಿಯ ಕೃತಕ ಹಾಸನ್ನು 1966ರಲ್ಲಿ ಹಾಸಿದರು. ಅದಕ್ಕೂ ಮೊದಲು ಒಂದು ಶಾಲೆಯಲ್ಲಿ ಬಳಕೆಯಾಗಿದ್ದ ಆ ವಸ್ತುವಿಗೆ ಈ ಕಟ್ಟಡದಿಂದಲೇ ಆಸ್ಟ್ರೋಟರ್ಫ್ ಎಂಬ ಹೆಸರೂ ಜಗತ್ಪ್ರಸಿದ್ಧಿಯೂ ಬಂದವು.

ಇಲ್ಲಿಂದ ಕಥೆ ನಮ್ಮ ಮನೆಯಂಗಳಕ್ಕೆ ಬರುವದು. 1928ರಿಂದ 1972ರ ವರೆಗೆ ಯಾವ ಒಲಿಂಪಿಕ್ಸ್‌ನಲ್ಲಿಯೂ ಹಾಕಿಯ ಪದಕವನ್ನು ತಪ್ಪಿಸಿಕೊಳ್ಳದ ಭಾರತವು 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ಪನ್ನೂ ಗೆದ್ದಿತ್ತು. ಮರುವರ್ಷ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ಕೊಡಗಿನ ಬಿ. ಪಿ. ಗೋವಿಂದರೂ ಇದ್ದ ನಮ್ಮ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ಸೋಲಿಗೆ ಹಾಸೊಂದೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ಆದರೆ ಹುಲ್ಲಿನ ಮೇಲೆ ಕೋಲಿನ ಕೈಚಳಕದಿಂದ ಗೆಲ್ಲುತ್ತಿದ್ದವರಿಗೆ ಓಟದ ವೇಗವೇ ಪ್ರಧಾನವಾದ ಹೊಸ ಆಟ ಎದುರಾದದ್ದು ನಿಜ. ಧನವಂತ ದೇಶಗಳು ಹಾಸು ಹಾಸಿಕೊಂಡವು. ನಮ್ಮ ಹಳ್ಳಿಯ ಹುಡುಗರಿಗೆ ಮಣ್ಣೇ ಉಳಿಯಿತು.

ಗುಮ್ಮಟದ ಗತಿಯಾದರೂ ಏನಾಯಿತು? 1999ರ ತರುವಾಯ ಅದರ ಬೇಸ್‌ಬಾಲ್ ತಂಡ ಬೇರೆಡೆಗೆ ಹೋಯಿತು. 2005ರಲ್ಲಿ ಕತ್ರಿನಾ ಚಂಡಮಾರುತದಿಂದ ಮನೆಮಾರು ಕಳೆದುಕೊಂಡ ಸಾವಿರಾರು ಜನರಿಗೆ ಅದು ಆಶ್ರಯವಿತ್ತಿತು. ಅದರ ಪುಣ್ಯಕಾರ್ಯ ಅದೇ ಎನ್ನಬೇಕು. 2009ರಲ್ಲಿ ಬಾಗಿಲು ಮುಚ್ಚಿತು. 2013ರಲ್ಲಿ ಅದರ ಜೀರ್ಣೋದ್ಧಾರಕ್ಕೆ ಹಣ ಕೇಳಿದಾಗ ಅಲ್ಲಿಯ ಮತದಾರರು ಒಲ್ಲೆವೆಂದರು. 2014ರಲ್ಲಿ ಅದೇ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು!

ಕಟ್ಟಿದವರ ಸಾಹಸವನ್ನು ನಾವು ಹಳಿಯುವದಿಲ್ಲ. ಆದರೆ ನಮ್ಮಲ್ಲಿಯೂ ಕ್ರೀಡಾಂಗಣಗಳು ಏಳುತ್ತಿರುವ ಈ ಕಾಲದಲ್ಲಿ ಎರಡು ಪ್ರಶ್ನೆಗಳನ್ನು ಅಡಿಗಲ್ಲಿಗಿಂತ ಮೊದಲೇ ಕೇಳತಕ್ಕದ್ದು: ಐವತ್ತು ವರ್ಷಗಳ ತರುವಾಯ ಇದನ್ನು ಕಾಯುವವರು ಯಾರು? ಈ ಸೌಕರ್ಯದಿಂದ ಯಾವ ಬಡಹುಡುಗನ ಆಟ ಅವನ ಕೈತಪ್ಪಿ ಹೋಗುವದು? ಗುರುಗುಂಟಾದಂಥ ಊರಿಗೆ ಗುಮ್ಮಟ ಬೇಕಿಲ್ಲ. ಸಮತಟ್ಟಾದ ಬಯಲು, ಅಂಚಿನಲ್ಲಿ ನಾಲ್ಕು ಬೇವಿನ ಮರ, ಕುಡಿಯಲು ನೀರು, ಇಷ್ಟನ್ನು ಮೊದಲು ಒದಗಿಸುವದೇ ವಿವೇಕವು.