ಸಾವಿರ ಗಜದ ಗುರಿಗೆ ಗುಲಗಂಜಿ ತೂಕದ ಲೆಕ್ಕ

ಸಾವಿರ ಗಜ, ಅಂದರೆ 914 ಮೀಟರ್. ಅಮೆರಿಕದ ಎಫ್-ಕ್ಲಾಸ್ ರೈಫಲ್ ಸ್ಪರ್ಧೆಗಳಲ್ಲಿ ಇಷ್ಟು ದೂರದ ಗುರಿಹಲಗೆಯ ಮೇಲೆ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10 ಅಂಗುಲ. ಒಂದು ಊಟದ ತಟ್ಟೆಯಷ್ಟು. ಅಲ್ಲಿನ ನುರಿತ ಸ್ಪರ್ಧಿಗಳಲ್ಲಿ ಬಹುತೇಕರು ತಮ್ಮ ಕಾಡತೂಸುಗಳನ್ನು ತಾವೇ ಕೈಯಾರೆ ತುಂಬಿಕೊಳ್ಳುತ್ತಾರೆ. ಅವರು ಅರಸುವುದು ಹೆಚ್ಚಿನ ವೇಗವನ್ನಲ್ಲ, ಏಕರೂಪತೆಯನ್ನು.

ವೇಗದಲ್ಲಿ ಏರುಪೇರಾದರೆ?

.308 ವಿಂಚೆಸ್ಟರ್ ರೈಫಲ್‌ನಿಂದ ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಹೊರಟ ಗುಂಡು ಗುರಿ ಮುಟ್ಟಲು ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು ಹತ್ತು ಮೀಟರಿಗೂ ಹೆಚ್ಚು ಕೆಳಕ್ಕೆ ಎಳೆದಿರುತ್ತದೆ. ಹೊರಡುವ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ ಗುಂಡು ಸುಮಾರು ಕಾಲು ಮೀಟರ್ ಮೇಲೆ ಅಥವಾ ಕೆಳಗೆ ಬೀಳುತ್ತದೆ. ನಡುವಿಗೆ ಇಟ್ಟ ಗುರಿ ತಪ್ಪಲು ಅದರ ಅರ್ಧದಷ್ಟು ವ್ಯತ್ಯಾಸವೇ ಸಾಕು.

ತುಂಬುವ ಬಗೆ

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಪ್ರೈಮರ್, ಹೊಗೆರಹಿತ ಮದ್ದು ಹಾಗೂ ಗುಂಡು. ಹಾರಿಸಿದ ಮೇಲೆ ಉಳಿಯುವ ಕೋಶವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರಲಾಗುತ್ತದೆ. ಪದೇ ಪದೇ ಬಳಸಿದಾಗ ಕೋಶದ ಕುತ್ತಿಗೆ ಗಡಸಾಗಿ, ಗುಂಡನ್ನು ಹಿಡಿಯುವ ಬಿಗಿ ಬದಲಾಗುತ್ತದೆ. ಅದನ್ನು ಹದವಾಗಿ ಕಾಯಿಸಿ ಮೃದುಗೊಳಿಸುವುದೂ ಇದೇ ಕಾರಣಕ್ಕೆ. ಮದ್ದನ್ನು ತೂಗುವ ಮಾನ 'ಗ್ರೇನ್'. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ತೂಕದಲ್ಲಿ ಸುಮಾರು ಎರಡು ಗ್ರೇನ್ ಅಡಗಿದೆ. ಸ್ಪರ್ಧಿಗಳು ಒಂದು ಗ್ರೇನಿನ ಹತ್ತನೆಯ ಒಂದು ಭಾಗವನ್ನೂ ಕಡೆಗಣಿಸುವುದಿಲ್ಲ.

ಪರೀಕ್ಷೆಯೇ ಪ್ರಧಾನ

ಪ್ರತಿ ಗುಂಡಿನ ವೇಗವನ್ನು ಕ್ರೋನೋಗ್ರಾಫ್ ಎಂಬ ಉಪಕರಣ ಅಳೆಯುತ್ತದೆ. ಮದ್ದಿನ ತೂಕ, ಗುಂಡನ್ನು ಕೂರಿಸುವ ಆಳ ಇವುಗಳಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕೆಂಬುದು ನಿಯಮ. ಈ ಶಿಸ್ತಿಗೆ ಹಳೆಯ ಪರಂಪರೆಯಿದೆ. ಅಮೆರಿಕದ ಫ್ರಾಂಕ್ಲಿನ್ ಮಾನ್, ಹಾರಿಸುವವನ ಕೈಯ ದೋಷವನ್ನು ನಿವಾರಿಸಲು ನಳಿಕೆಯನ್ನು ಕಾಂಕ್ರೀಟ್ ಕಂಬದ ಮೇಲೆ ಬಿಗಿದು ದಶಕಗಳ ಕಾಲ ಪ್ರಯೋಗ ನಡೆಸಿ, 1909ರಲ್ಲಿ ಫಲಿತಾಂಶಗಳನ್ನು ಗ್ರಂಥವಾಗಿ ಪ್ರಕಟಿಸಿದರು. ಗುಂಡಿನ ಮೊನೆಗಿಂತ ತಳದ ಊನವೇ ಹೆಚ್ಚು ಹಾನಿಕರ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲೊಂದು.

ಮೂರು ಗುಂಡುಗಳು ಒತ್ತಾಗಿ ಬಿದ್ದೊಡನೆ 'ಹದ ಸಿಕ್ಕಿತು' ಎಂದು ಹಿಗ್ಗುವುದು ಸಾಮಾನ್ಯ ತಪ್ಪು. ಅದು ಅದೃಷ್ಟವೂ ಆಗಿರಬಹುದು. ಹತ್ತಿಪ್ಪತ್ತು ಗುಂಡುಗಳು ಅದೇ ಮಾತು ಹೇಳಿದಾಗ ಮಾತ್ರ ನಂಬಬಹುದು.

ಎಚ್ಚರ ತಪ್ಪಿದರೆ

ಮದ್ದು ಮಿತಿಮೀರಿದರೆ ಒತ್ತಡಕ್ಕೆ ರೈಫಲ್ ಸಿಡಿದು ಹಿಡಿದವನ ಕೈ, ಕಣ್ಣು ಹೋಗಬಹುದು. ನೋಡಲು ಒಂದೇ ತೆರನಾಗಿರುವ ಮದ್ದುಗಳು ಉರಿಯುವ ವೇಗದಲ್ಲಿ ಬಹಳ ಭಿನ್ನ. ಆದ್ದರಿಂದ ತಯಾರಕರು ಪ್ರಕಟಿಸುವ ಕೋಷ್ಟಕದ ಕನಿಷ್ಠ ಪ್ರಮಾಣದಿಂದಲೇ ಆರಂಭಿಸುವುದು, ಮೇಜಿನ ಮೇಲೆ ಒಂದೇ ಬಗೆಯ ಮದ್ದು ಇಡುವುದು ಅಲ್ಲಿನ ಕಟ್ಟುನಿಟ್ಟಿನ ಪದ್ಧತಿ. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ನಿಷೇಧಿಸುತ್ತದೆ ಎಂಬುದನ್ನು ಓದುಗರು ಮರೆಯಬಾರದು.

ಇಷ್ಟೆಲ್ಲ ಮಾಡಿದರೂ ಗಾಳಿಯನ್ನು ಕಟ್ಟಿಹಾಕಲಾಗದು. ಆದರೆ ಕಾಡತೂಸಿನ ಮೇಲೆ ಸಂಶಯ ಉಳಿಯದಿದ್ದಾಗ, ಗುರಿ ತಪ್ಪಿದ್ದು ಗಾಳಿಯಿಂದಲೋ ತನ್ನಿಂದಲೋ ಎಂಬಷ್ಟೇ ಪ್ರಶ್ನೆ ಸ್ಪರ್ಧಿಯ ಮುಂದಿರುತ್ತದೆ. ಕೈಯಾರೆ ತುಂಬುವ ಶ್ರಮದ ಫಲ ಅದೇ.