‘ಫಾಸ್ಟ್’ ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯಲ್ಲಿ ಶೀಘ್ರಗತಿಯನ್ನು ತಿಳಿಸಲು ಪ್ರತಿನಿತ್ಯವೂ ಪ್ರಯೋಗಿಸಲ್ಪಡುವ ‘ಫಾಸ್ಟ್’ ಎಂಬ ಶಬ್ದಕ್ಕೆ ಅಲುಗದಿರುವುದೆಂಬ ಅರ್ಥವೂ ಉಂಟು. ‘ರನ್ ಫಾಸ್ಟ್’ ಎಂದರೆ ವೇಗವಾಗಿ ಓಡು. ‘ಸ್ಟ್ಯಾಂಡ್ ಫಾಸ್ಟ್’ ಎಂದರೆ ನಿಂತಲ್ಲಿಂದ ಕದಲದಿರು. ಇದನ್ನು ನಾನಾರ್ಥವೆಂದು ಹೇಳಿದ ಮಾತ್ರಕ್ಕೆ ವಿರೋಧವು ಪರಿಹಾರವಾಗದು. ಒಂದರ್ಥದಿಂದ ಇನ್ನೊಂದಕ್ಕೆ ಶಬ್ದವು ಹೋದ ದಾರಿಯನ್ನು ತೋರಿಸಬೇಕು.

ಮೂಲಾರ್ಥವು ದೃಢತೆಯೇ. ಪ್ರಾಚೀನ ಆಂಗ್ಲದ ‘ಫ್ಯಾಸ್ಟ್’ ಎಂಬ ರೂಪಕ್ಕೂ ಜರ್ಮನ್ ಭಾಷೆಯ ‘ಫೆಸ್ಟ್’ ಎಂಬುದಕ್ಕೂ ಅದೇ ಅರ್ಥ. ಒಗೆದರೂ ಬಿಡದ ಬಣ್ಣವು ‘ಫಾಸ್ಟ್ ಕಲರ್’. ಉಪವಾಸವಾಚಕವಾದ ‘ಫಾಸ್ಟ್’ ಕೂಡ ಈ ಮೂಲದ್ದೇ. ನಿಯಮವನ್ನು ಬಿಗಿಯಾಗಿ ಹಿಡಿಯುವುದೆಂಬುದು ಅನ್ನತ್ಯಾಗದಲ್ಲಿ ರೂಢವಾಯಿತು. ಅದನ್ನು ಮುರಿಯುವ ಬೆಳಗಿನ ಆಹಾರವೇ ‘ಬ್ರೇಕ್‌ಫಾಸ್ಟ್’. (ಸಂಸ್ಕೃತದ ಉಪವಾಸ ಶಬ್ದದಲ್ಲಿಯೂ ಹಸಿವಿನ ಮಾತಿಲ್ಲ, ಸಮೀಪದಲ್ಲಿ ವಾಸಿಸುವುದೆಂಬುದೇ ಅದರ ಅವಯವಾರ್ಥ.)

ದೃಢತೆಗೂ ವೇಗಕ್ಕೂ ನಡುವೆ ಸೇತುವೆಯಾದುದು ಈ ಶಬ್ದದ ಕ್ರಿಯಾವಿಶೇಷಣ ರೂಪ. ‘ಬಿಗಿಯಾಗಿ’ ಎಂಬುದು ಮೊದಲು ‘ಬಲವಾಗಿ’ ಎಂದೂ, ಬಳಿಕ ‘ಅತಿಶಯವಾಗಿ’ ಎಂದೂ ಆಯಿತು. ಅತಿಶಯವು ತಾನು ಸೇರಿದ ಕ್ರಿಯೆಯ ಸ್ವಭಾವವನ್ನು ಪಡೆಯುತ್ತದೆ. ನಿದ್ರೆಯೊಡನೆ ಸೇರಿದಾಗ ‘ಫಾಸ್ಟ್ ಅಸ್ಲೀಪ್’ ಎಂದರೆ ಗಾಢನಿದ್ರೆ. ಓಟದೊಡನೆ ಸೇರಿದಾಗ ಬಲವೇ ವೇಗ. ಬೆನ್ನಿಗಂಟಿ ಹಿಂಬಾಲಿಸುವುದೆಂಬ ಪ್ರಯೋಗವೂ ಇದಕ್ಕೆ ಸಹಕಾರಿಯಾಗಿರಬೇಕು. ಹೀಗೆ ಕ್ರಿಯೆಯಿಂದ ಬಂದ ವೇಗಾರ್ಥವು ಕ್ರಮೇಣ ಶಬ್ದದಲ್ಲಿಯೇ ನೆಲೆಸಿ, 16ನೆಯ ಶತಮಾನದಲ್ಲಿ ವಿಶೇಷಣಕ್ಕೂ ಸಂಕ್ರಮಿಸಿತು. ವಿಲಾಸಿಯನ್ನು ‘ಫಾಸ್ಟ್’ ಎನ್ನುವುದು ಇನ್ನೂ ಈಚಿನ ಕವಲು. ಜರ್ಮನ್ ಭಾಷೆಯಲ್ಲಿ ಇದೇ ಕ್ರಿಯಾವಿಶೇಷಣವು ಅತಿಶಯದಿಂದ ಬೇರೊಂದು ಕಡೆಗೆ ತಿರುಗಿತು. ಅಲ್ಲಿ ‘ಫಾಸ್ಟ್’ ಎಂದರೆ ‘ಬಹುಮಟ್ಟಿಗೆ’ ಎಂದಷ್ಟೇ ಅರ್ಥ. ವೇಗವು ಮೂಲದಲ್ಲಿಯೇ ಅಡಗಿದ್ದುದಲ್ಲವೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಈ ಕ್ರಮವು ಸಂಸ್ಕೃತಜ್ಞರಿಗೆ ಅಪರಿಚಿತವೆನಿಸದು. ಅಮರಕೋಶದಲ್ಲಿ ಶೀಘ್ರವಾಚಕಗಳ ಬಳಿಯಲ್ಲಿಯೇ ಅತಿಶಯವಾಚಕಗಳು ಪಠಿತವಾಗಿವೆ. ತೀವ್ರ, ಗಾಢ, ದೃಢ ಶಬ್ದಗಳು ಅವುಗಳಲ್ಲಿ ಸೇರಿವೆ. ಇವುಗಳಲ್ಲಿ ‘ಗಾಢ’ವು ನಿದ್ರೆಯೊಡನೆ ಉಳಿಯಿತು, ‘ತೀವ್ರ’ವು ಕನ್ನಡದಲ್ಲಿ ‘ತೀವ್ರಗತಿ’ ಎಂಬಲ್ಲಿ ವೇಗವನ್ನು ಹೇಳುತ್ತದೆ. ಅಚ್ಚಗನ್ನಡದ ‘ಬಿರುಸು’ ಎಂಬುದು ಇನ್ನೂ ಹತ್ತಿರದ ನಿದರ್ಶನ. ಬಿರುಸು ಎಂದರೆ ಗಡಸುತನ. ಆದರೂ ‘ಬಿರುಸಾಗಿ ನಡೆ’ ಎಂದರೆ ಬೇಗಬೇಗನೆ ಹೆಜ್ಜೆಹಾಕು ಎಂದೇ ಎಲ್ಲರೂ ತಿಳಿಯುತ್ತಾರೆ. ಪಾರಸಿಯಿಂದ ಬಂದ ‘ಜೋರು’ ಶಬ್ದಕ್ಕೆ ಬಲವೆಂಬುದು ಅರ್ಥ. ಜೋರಾಗಿ ಕೂಗುವವನಲ್ಲಿ ಅದು ಧ್ವನಿಯ ಎತ್ತರ, ಜೋರಾಗಿ ಓಡುವವನಲ್ಲಿ ವೇಗ. ಆದುದರಿಂದ ‘ಫಾಸ್ಟ್’ ಶಬ್ದವನ್ನು ಭಾಷಾಂತರಿಸುವವರು ಅದು ಯಾವ ಕ್ರಿಯೆಯನ್ನು ಆಶ್ರಯಿಸಿದೆಯೆಂಬುದನ್ನು ಮೊದಲು ನೋಡತಕ್ಕದ್ದು.