ಅರಿವಳಿಕೆಯ ಚುಚ್ಚುಮದ್ದು: ಮನೆಯವರು ತಿಳಿದಿರಬೇಕಾದದ್ದು

ನಮ್ಮ ಮನೆಗಳಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಗೊತ್ತಾಯಿತೆಂದರೆ ಎಲ್ಲರ ಚಿಂತೆಯೂ ಶಸ್ತ್ರವೈದ್ಯರ ಕೈಗುಣದ ಸುತ್ತಲೇ ಸುಳಿಯುತ್ತದೆ. ರೋಗಿಯ ಎಚ್ಚರವನ್ನು ಅಡಗಿಸಿ, ಅಷ್ಟು ಹೊತ್ತೂ ಆತನ ಉಸಿರನ್ನು ಕಾಯುವ ಅರಿವಳಿಕೆ ತಜ್ಞರು ಯಾರೆಂದು ಕೇಳುವವರು ವಿರಳ. ಅವರು ಇಂದು ಹೆಚ್ಚಾಗಿ ಬಳಸುವ ಒಂದು ಔಷಧದ ವಿಚಾರವನ್ನು ಶರಣಬಂಧುಗಳ ಮುಂದಿಡಲು ನಾವು ಬಯಸುತ್ತೇವೆ.

ಹಾಲಿನಂತೆ ಬೆಳ್ಳಗಿರುವ ಆ ಔಷಧದ ಹೆಸರು ಪ್ರೊಪೊಫಾಲ್. ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯಲ್ಲಿ ಜಾನ್ ಗ್ಲೆನ್ ಎಂಬ ಪಶುವೈದ್ಯರೂ ಅವರ ಸಂಗಡಿಗರೂ ಇದನ್ನು ರೂಪಿಸಿದರು. 1986ರಲ್ಲಿ ಅಲ್ಲಿ ಬಳಕೆಗೆ ಬಂದಿತು. ರಕ್ತನಾಳವನ್ನು ಸೇರಿದ ಒಂದು ನಿಮಿಷದೊಳಗೆ ರೋಗಿ ನಿದ್ರೆಗೆ ಜಾರುತ್ತಾನೆ. ಒಂದು ಸಲ ಕೊಟ್ಟು ನಿಲ್ಲಿಸಿದರೆ 5–10 ನಿಮಿಷಗಳಲ್ಲಿ ಎಚ್ಚರಗೊಳ್ಳುತ್ತಾನೆ. ಆದರೆ ನಿದ್ರೆ ಎಂಬುದು ಇಲ್ಲಿ ರೂಢಿಯ ಮಾತಷ್ಟೆ. ಈ ಔಷಧದಿಂದ ಉಸಿರಾಟ ನಿಲ್ಲಬಹುದು, ರಕ್ತದೊತ್ತಡ ಕುಸಿಯಬಹುದು. ಇದರ ಪರಿಣಾಮವನ್ನು ಅಳಿಸುವ ಮರುಮದ್ದಿಲ್ಲ. ಆದ್ದರಿಂದ ಆಮ್ಲಜನಕ, ಉಸಿರು ನೀಡುವ ಸಲಕರಣೆ, ನಾಡಿಯನ್ನೂ ರಕ್ತದ ಆಮ್ಲಜನಕವನ್ನೂ ತೋರಿಸುವ ಯಂತ್ರ, ಇವುಗಳ ನಡುವೆ ಕಣ್ಣು ಕದಲಿಸದೆ ಕುಳಿತ ತಜ್ಞರು ಇರಲೇಬೇಕು. 2009ರಲ್ಲಿ ಅಮೆರಿಕದ ಗಾಯಕ ಮೈಕೆಲ್ ಜಾಕ್ಸನ್ ತೀರಿಕೊಂಡದ್ದು ಮುಖ್ಯವಾಗಿ ಇದೇ ಔಷಧದಿಂದ. ನಿದ್ರೆಗೆಂದು ಅದನ್ನು ಮನೆಯ ಮಲಗುವ ಕೋಣೆಯಲ್ಲಿ ಕೊಡಲಾಗಿತ್ತು. ಕೊಟ್ಟ ವೈದ್ಯನನ್ನು 2011ರಲ್ಲಿ ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿತು.

ಸಸ್ಯಾಹಾರಿ ಕುಟುಂಬಗಳಿಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಪ್ರೊಪೊಫಾಲ್ ನೀರಿನಲ್ಲಿ ಕರಗುವುದಿಲ್ಲ. ಅದಕ್ಕಾಗಿ ಸೋಯಾ ಎಣ್ಣೆಯನ್ನೂ ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಎಂಬ ಅಂಶವನ್ನೂ ಸೇರಿಸುತ್ತಾರೆ. ಜೀವ ಉಳಿಸಲು ವೈದ್ಯರು ಕೊಟ್ಟ ಔಷಧವು ನಾಲಗೆಯ ರುಚಿಗೆ ತಿಂದ ಆಹಾರವಲ್ಲ. ಇದರಿಂದ ವ್ರತಭಂಗವಾಯಿತೆಂದು ಕೊರಗಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮನಸ್ಸೊಪ್ಪದವರು ಮುಂಚಿತವಾಗಿಯೇ ತಜ್ಞರೊಡನೆ ಮಾತನಾಡಲಿ. ತಯೋಪೆಂಟೋನ್‌ನಂತಹ ಬೇರೆ ಔಷಧಗಳೂ ಇವೆ. ಯಾವುದು ಹೊಂದೀತೆಂಬುದನ್ನು ಅವರೇ ನಿರ್ಧರಿಸಬೇಕು.

ಇದೇ ಎಣ್ಣೆಯ ಅಂಶವು ರೋಗಾಣುಗಳಿಗೂ ಒಳ್ಳೆಯ ಆಹಾರ. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರಿಗೆ ಸೋಂಕು ತಗುಲಿದಾಗ, ಈ ಔಷಧವನ್ನು ಶುಚಿಯಿಲ್ಲದೆ ಬಳಸಿದ್ದೇ ಮೂಲವೆಂದು ತನಿಖೆಯಿಂದ ತಿಳಿದುಬಂದಿತು. ಒಬ್ಬರಿಗೆ ತೆರೆದ ಸೀಸೆಯಲ್ಲಿ ಉಳಿದುದನ್ನು ಇನ್ನೊಬ್ಬರಿಗೆ ಕೊಡಬಾರದು. ದಾಸೋಹದ ಮನೆಯಲ್ಲಿ ಒಂದಗುಳೂ ಚೆಲ್ಲಬಾರದು, ನಿಜ. ಇಲ್ಲಿ ಮಾತ್ರ ಚೆಲ್ಲುವುದೇ ಸರಿ. ಅರ್ಧ ಬಳಸಿದ ಸೀಸೆಗೆ ಪೂರ್ತಿ ಬೆಲೆ ಹಾಕಿದರೆಂದು ಜಗಳಕ್ಕೆ ನಿಲ್ಲಬೇಡಿ.

ಹೆಚ್ಚಿನ ತೊಡಕು ಬರುವುದು ಉಪವಾಸದ ವಿಷಯದಲ್ಲಿ. ಅರಿವಳಿಕೆಯಲ್ಲಿ ಕೆಮ್ಮುವ, ನುಂಗುವ ಸಹಜ ರಕ್ಷಣೆಗಳು ಅಡಗುತ್ತವೆ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ಸಾಮಾನ್ಯವಾಗಿ ಹಗುರ ಆಹಾರಕ್ಕೂ ಹಾಲಿಗೂ ಕನಿಷ್ಠ 6 ಗಂಟೆ, ಎಣ್ಣೆಯಲ್ಲಿ ಕರಿದುದಕ್ಕೆ 8 ಗಂಟೆ, ತಿಳಿನೀರಿಗೆ 2 ಗಂಟೆಯ ಅಂತರ ಬೇಕು. ಮಧುಮೇಹಿಗಳಿಗೂ ಗರ್ಭಿಣಿಯರಿಗೂ ವೈದ್ಯರ ಸೂಚನೆ ಬೇರೆಯಿರಬಹುದು. ಬೆಳಗಿನ ಲಿಂಗಪೂಜೆಯ ನಂತರ ಅಜ್ಜಿ ಅಕ್ಕರೆಯಿಂದ ಬಾಯಿಗಿಟ್ಟ ಬಾಳೆಹಣ್ಣಿನ ತುಂಡೂ ಆಹಾರವೇ. ಹಾಲು ಬೆರೆಸಿದ ಚಹಾ ನೀರಿನ ಲೆಕ್ಕಕ್ಕೆ ಸೇರದು. ಪ್ರಸಾದವನ್ನು ಎತ್ತಿಟ್ಟು, ವೈದ್ಯರು ಊಟಕ್ಕೆ ಅಪ್ಪಣೆ ಕೊಟ್ಟಾಗ ಸ್ವೀಕರಿಸಿದರೆ ಭಕ್ತಿಗೆ ಕೊರತೆಯಿಲ್ಲ. ಅಕಸ್ಮಾತ್ತಾಗಿ ತಿಂದುಬಿಟ್ಟಿದ್ದರೆ, ಬೈಗುಳಕ್ಕೆ ಅಂಜಿ ಮುಚ್ಚಿಡದೆ ತಿಳಿಸಬೇಕು. ಶಸ್ತ್ರಚಿಕಿತ್ಸೆ ಮುಂದೆ ಹೋದೀತು, ಅಷ್ಟೆ.

ಇಷ್ಟಲಿಂಗದ ವಿಚಾರವನ್ನೂ ಹಿಂದಿನ ದಿನವೇ ಬಿಚ್ಚಿ ಮಾತನಾಡುವುದು ಲೇಸು. ವಿದ್ಯುತ್ ಸಲಕರಣೆಯಿಂದ ಕೊಯ್ಯುವಾಗ ಮೈಮೇಲಿನ ಲೋಹದಿಂದ ಸುಟ್ಟಗಾಯವಾಗಬಹುದು. ಬೆಳ್ಳಿಯ ಕರಡಿಗೆಯನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಹೋಗಬಾರದು. ವೈದ್ಯರು ಒಪ್ಪಿದರೆ ಲಿಂಗವನ್ನು ಹತ್ತಿಬಟ್ಟೆಯಲ್ಲಿ ತೋಳಿಗೆ ಕಟ್ಟಬಹುದು. ಒಪ್ಪದಿದ್ದರೆ ಮನೆಯ ಒಬ್ಬರು ಜೋಪಾನವಾಗಿ ಇಟ್ಟುಕೊಂಡಿರಲಿ.

ನಿತ್ಯದ ಗುಳಿಗೆಗಳು, ಉಬ್ಬಸ, ಜೋರು ಗೊರಕೆ, ಅಲುಗಾಡುವ ಹಲ್ಲು, ಹಿಂದೆ ಅರಿವಳಿಕೆಯಲ್ಲಿ ಮನೆತನದ ಯಾರಿಗಾದರೂ ಆದ ತೊಂದರೆ, ಯಾವುದನ್ನೂ ಸಣ್ಣದೆಂದು ಬಿಡದೆ ತಿಳಿಸಿರಿ. ಅದೇ ದಿನ ಮನೆಗೆ ಕಳುಹಿಸಿದರೂ 24 ಗಂಟೆಗಳ ಕಾಲ ವಾಹನ ನಡೆಸುವುದು, ಒಲೆಯ ಮುಂದೆ ಒಬ್ಬರೇ ನಿಲ್ಲುವುದು, ಆಸ್ತಿಯ ಕಾಗದಕ್ಕೆ ರುಜು ಹಾಕುವುದು ಬೇಡ. ಆ ರಾತ್ರಿ ಬಳಿಯಲ್ಲಿ ಒಬ್ಬರು ಮಲಗಿರಲಿ.